ಅತ್ತೆ ಹದಿನೇಳು, ಸೊಸೆ ಸೊನ್ನೆ

ಆ ಮಾರ್ಚ್ ತಿಂಗಳಲ್ಲಿ ಬಿಶ್ಕೆಕ್‌ನಲ್ಲಿ ನಾನು ನಡೆಸಿದ ನಾಲ್ಕು ದಿನದ ತರಬೇತಿಗೆ ಹನ್ನೊಂದು ಜನ ಬಂದಿದ್ದರು. ಎಲ್ಲರೂ ಪಿಎಚ್‌ಡಿ ಮಾಡುತ್ತಿದ್ದವರು. ಊರೂರು ಅಲೆದು ಜನರನ್ನು ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡು, ಅದನ್ನೆಲ್ಲ ಅಕ್ಷರಕ್ಕಿಳಿಸಿ, ಕೊನೆಗೆ ಆ ನೂರಾರು ಪುಟಗಳ ಮುಂದೆ ಏನು ಮಾಡಬೇಕೆಂದು ತೋಚದೆ ಕುಳಿತವರು. ಅಂಥವರಿಗಾಗಿಯೇ ಒಂದು ಸಾಫ್ಟ್‌ವೇರ್ ಇದೆ. ಅದು ನಮ್ಮ ಪರವಾಗಿ ಯೋಚನೆ ಮಾಡುವುದಿಲ್ಲ. ಒಂದು ಸಾಲನ್ನು ಆರಿಸಿ ಅದಕ್ಕೆ 'ಹಸಿವು' ಎಂದೋ 'ಭಯ' ಎಂದೋ ನಾವೇ ಒಂದು ಹೆಸರು ಅಂಟಿಸಬೇಕು. ಆ ಹೆಸರಿಗೆ ಕೋಡ್ ಅನ್ನುತ್ತೇವೆ. ಆಮೇಲೆ 'ಹಸಿವು' ಒತ್ತಿದರೆ ಯಾರು ಯಾರೋ ಎಲ್ಲೆಲ್ಲೋ ಆಡಿದ ಹಸಿವಿನ ಮಾತುಗಳೆಲ್ಲ ಒಂದೇ ಕಡೆ ಬಂದು ನಿಲ್ಲುತ್ತವೆ. ಹನ್ನೆರಡು ವರ್ಷದಿಂದ ಇದನ್ನೇ ಕಲಿಸಿಕೊಂಡು ಬಂದಿದ್ದೇನೆ. ವಿದ್ಯಾರ್ಥಿಗಳ ಬಾಯಲ್ಲಿ ನಾನು ಬೆಗಾಯಿಮ್ ಎಜೆ, ಅಂದರೆ ಬೆಗಾಯಿಮ್ ಅಕ್ಕ.

ಮೊದಲ ದಿನ ನನ್ನ ಕಣ್ಣಿಗೆ ಬಿದ್ದವರು ಸಬಿರ್ಕಾನ್ ಎಜೆ. ನಾರಿನ್ ಊರಿನವರು, ಐವತ್ತನಾಲ್ಕು ವರ್ಷ. ಇಪ್ಪತ್ತೇಳು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟ ಮೇಲೆ, ಬೆಟ್ಟದ ಹಳ್ಳಿಗಳ ಮೇಷ್ಟ್ರುಗಳ ಬದುಕಿನ ಬಗ್ಗೆ ಸಂಶೋಧನೆಗೆ ಕೈಹಾಕಿದ್ದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಹತ್ತು ನಿಮಿಷದಲ್ಲಿ ಅವರ ಬಾಣದ ಗುರುತು ಪರದೆಯಿಂದ ಮೂರು ಸಲ ಕಾಣೆಯಾಯಿತು.

"ಬೆಗಾಯಿಮ್, ಎಷ್ಟು ಇಲಿ ಕೊಯ್ದು ಮಕ್ಕಳಿಗೆ ತೋರಿಸಿದ್ದೀನೋ ಲೆಕ್ಕ ಇಲ್ಲ. ಈ ಒಂದು ಇಲಿ ಮಾತ್ರ ಕೈಗೆ ಸಿಗ್ತಾ ಇಲ್ಲ ನೋಡಿ," ಎಂದು ಮೌಸನ್ನು ಎತ್ತಿ ಹಿಡಿದು ತೋರಿಸಿದರು. ಕೋಣೆಯೆಲ್ಲ ನಕ್ಕಿತು.

ಎರಡು ಸಾಲು ಹಿಂದೆ ಕುಳಿತಿದ್ದ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಎದ್ದು ಬಂದು ಸದ್ದಿಲ್ಲದೆ ಮೌಸನ್ನು ಸರಿಯಾಗಿ ಇಟ್ಟು, ಬಾಣವನ್ನು ಹುಡುಕಿಕೊಟ್ಟು ಹೋಗಿ ಕುಳಿತಳು. ಅವಳು ಕುಂದುಜ್. ಇಪ್ಪತ್ತೊಂಬತ್ತು ವರ್ಷ, ಅವಳೂ ನಾರಿನ್‌ನವಳೇ. ದಾದಿಯರ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹೆರಿಗೆ ಆಸ್ಪತ್ರೆಗಳಲ್ಲಿ ಹೆಂಗಸರು ಏನೇನು ಅನುಭವಿಸುತ್ತಾರೆ ಎಂಬುದು ಅವಳ ವಿಷಯ. ಸಬಿರ್ಕಾನ್ ಎಜೆ ಕೂರುವವರೆಗೆ ಅವಳು ಕೂರುತ್ತಿರಲಿಲ್ಲ. ಚಹಾದ ಹೊತ್ತಿಗೆ ಮೊದಲ ಬಟ್ಟಲು ಅವರಿಗೇ ತಂದುಕೊಡುತ್ತಿದ್ದಳು. ಶಾಲೆಯಲ್ಲಿ ಅವರ ಕೈಕೆಳಗೆ ಓದಿದ ಹುಡುಗಿ ಇರಬೇಕು ಎಂದುಕೊಂಡೆ. ಅವರ ಮನೆತನದ ಹೆಸರುಗಳು ಬೇರೆಬೇರೆ ಇದ್ದವು. ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಎರಡನೆಯ ದಿನ ಜೋಡಿ ಕೆಲಸ. ಒಂದೇ ಸಂದರ್ಶನಕ್ಕೆ ಇಬ್ಬರು ಕೋಡ್ ಹಾಕಬೇಕು. ಇಬ್ಬರ ಓದು ಎಷ್ಟು ಹೊಂದುತ್ತದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿ ಹೇಳುತ್ತದೆ. ಗುರುತಿರುವವರು ಒಟ್ಟಿಗೆ ಇದ್ದರೆ ಹಗುರಾಗುತ್ತದೆಂದು ಸಬಿರ್ಕಾನ್ ಎಜೆಗೆ ಕುಂದುಜಳನ್ನು ಜೊತೆ ಮಾಡಿದೆ. ಕೊಟ್ಟ ಸಂದರ್ಶನ ನಾನೇ ಹಿಂದೊಮ್ಮೆ ಅತ್‌ಬಾಶಿಯ ಒಬ್ಬ ಮುದುಕಿಯಿಂದ ಪಡೆದದ್ದು. ಹೆಸರು, ಊರು ಎಲ್ಲ ತೆಗೆದುಹಾಕಿದ್ದೆ. ತಾನು ಮದುವೆಯಾಗಿ ಬಂದ ಮೊದಲ ವರ್ಷದ ಬಗ್ಗೆ ಆರು ಪುಟದಷ್ಟು ಹೇಳಿದ್ದಳು. ಜೊತೆಗೆ ಹತ್ತು ಕೋಡ್‌ಗಳ ಪಟ್ಟಿಯನ್ನೂ ಅವುಗಳ ಅರ್ಥವನ್ನೂ ಕೊಟ್ಟಿದ್ದೆ. ಬೇಕಾದರೆ ಹೊಸದನ್ನು ಸೇರಿಸಬಹುದು ಎಂದೂ ಹೇಳಿದ್ದೆ.

ಒಂದು ಗಂಟೆಯ ಮೇಲೆ ಫಲಿತಾಂಶ ನೋಡಿದರೆ ಆ ಜೋಡಿಯದು ನೂರಕ್ಕೆ ನೂರು.

"ಎಜೆ, ನೂರಕ್ಕೆ ನೂರು ಚುನಾವಣೆಯಲ್ಲೂ ಯಾರಿಗೂ ಬರಲ್ಲ. ತೊಂಬತ್ತೇಳಕ್ಕೆ ನಿಲ್ಲಿಸ್ತಾರೆ," ಅಂದ ಟಿಲೆಕ್. ಅರ್ಥಶಾಸ್ತ್ರದವನು, ಅಂಕಿ ಇಲ್ಲದ ಮಾತು ಮಾತೇ ಅಲ್ಲ ಎಂದು ನಂಬಿದ್ದವನು. ಮೇಲಿನವರ ಒತ್ತಾಯಕ್ಕೆ ತರಬೇತಿಗೆ ಬಂದಿದ್ದ.

ಅವನು ಹೇಳಿದ್ದು ಸರಿಯೇ. ನಾನು ಅವರ ಹಿಂದೆ ಹೋಗಿ ನಿಂತು ನೋಡಿದೆ. ಸಬಿರ್ಕಾನ್ ಎಜೆ ಸಾಲು ಓದುವರು, "ಇದಕ್ಕೆ ಈ ಕೋಡೇ ಅಲ್ವಾ?" ಅನ್ನುವರು. ಕುಂದುಜ್ "ಹೌದು ಆಪಾ" ಅನ್ನುವಳು. ಮುಂದಿನ ಸಾಲು. "ಹೌದು ಆಪಾ." ಆಪಾ ಎಂದು ನಮ್ಮಲ್ಲಿ ತಾಯಿಯನ್ನೂ ಕರೆಯುತ್ತಾರೆ, ವಯಸ್ಸಾದ ಯಾವ ಹೆಂಗಸನ್ನೂ ಕರೆಯುತ್ತಾರೆ. ಅಲ್ಲಿಯೂ ನನಗೆ ಗೊತ್ತಾಗಲಿಲ್ಲ.

"ಇದು ಇಬ್ಬರ ಓದಲ್ಲ, ಒಬ್ಬರದೇ," ಎಂದೆ. "ನಾಳೆ ನೀವಿಬ್ಬರೂ ಬೇರೆ ಬೇರೆ ಕೋಣೇಲಿ ಕೂತು ಮತ್ತೆ ಮಾಡಿ. ಒಬ್ಬರದು ಒಬ್ಬರು ನೋಡಬಾರದು."

"ನೋಡದೇ ಇದ್ರೂ ಅದೇ ಬರತ್ತೆ. ನಮ್ಮಿಬ್ಬರ ಮನಸ್ಸು ಒಂದೇ," ಅಂದರು ಸಬಿರ್ಕಾನ್ ಎಜೆ ಹೆಮ್ಮೆಯಿಂದ. ಕುಂದುಜ್ ತನ್ನ ಉಗುರು ನೋಡಿಕೊಂಡಳು.

ಮೂರನೆಯ ದಿನ ನಾನು ಮಾಡಿದ್ದು ಮೂರ್ಖತನ. ಇಬ್ಬರ ಕಡತಗಳನ್ನು ಒಂದುಗೂಡಿಸುವುದು ಹೇಗೆಂದು ಎಲ್ಲರಿಗೂ ತೋರಿಸುವ ಉತ್ಸಾಹದಲ್ಲಿ ಅವರದನ್ನೇ ಎತ್ತಿಕೊಂಡು ಗೋಡೆಯ ದೊಡ್ಡ ಪರದೆಯ ಮೇಲೆ ಹಾಕಿಬಿಟ್ಟೆ. ಎರಡು ಬಣ್ಣದ ಪಟ್ಟಿಗಳು ಅಕ್ಕಪಕ್ಕ ಮೂಡಿದವು, ಅತ್ತ ಹಸಿರು, ಇತ್ತ ಕಿತ್ತಳೆ. ಒಂದಕ್ಕೊಂದು ತಾಗಿದ್ದು ಅಲ್ಲೊಂದು ಇಲ್ಲೊಂದು. ಹೊಂದಾಣಿಕೆ ಶೇಕಡಾ ಮೂವತ್ತನಾಲ್ಕು. ಕೆಳಗೆ ಕೋಡ್‌ಗಳ ಪಟ್ಟಿ. ಅದರಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆದದ್ದು 'ಸಬಿರ್'. ನಮ್ಮ ಭಾಷೆಯಲ್ಲಿ ತಾಳ್ಮೆಗೆ ಇರುವ ಮಾತು. ಸಬಿರ್ಕಾನ್ ಎಜೆ ಅದನ್ನು ಹಾಕಿದ್ದು ಹದಿನೇಳು ಕಡೆ. ಕುಂದುಜ್ ಹಾಕಿದ್ದು ಸೊನ್ನೆ. ಅದರ ಬದಲು ಅವಳು ತಾನೇ ಹೊಸದೊಂದನ್ನು ಸೇರಿಸಿದ್ದಳು, 'ತಡೆದುಕೊಳ್ಳುವುದು' ಎಂದು. ಉಳಿದ ಕಡೆ 'ಭಯ', 'ಹಸಿವು', 'ಬೇರೆ ದಾರಿ ಇಲ್ಲ'.

"ಭಲೇ!" ಎಂದೆ ನಾನು. "ನೋಡಿ, ಎಂಥ ಒಳ್ಳೆ ವ್ಯತ್ಯಾಸ! ಒಬ್ಬರು ತಾಳ್ಮೆ ಅಂತ ಓದಿದ್ದನ್ನ ಇನ್ನೊಬ್ಬರು ಭಯ ಅಂತ ಓದಿದ್ದಾರೆ."

ಟಿಲೆಕ್ ನನ್ನ ಕಡೆ ಬಾಗಿ ಪಿಸುಗುಟ್ಟಿದ: "ಎಜೆ, ಅವರು ಅತ್ತೆ ಸೊಸೆ. ನಿನ್ನೆ ಊಟದ ಹೊತ್ತಲ್ಲಿ ಎಲ್ಲರಿಗೂ ಗೊತ್ತಾಯ್ತು. ನಿಮಗೆ ಗೊತ್ತಿಲ್ವಾ?"

ಪರದೆ ಆರಿಸಲು ಬಟನ್ ಹುಡುಕಿದೆ. ಹನ್ನೆರಡು ವರ್ಷ ಒತ್ತಿದ ಬಟನ್ ಆಗ ಸಿಗಲಿಲ್ಲ. ಕುಂದುಜ್ ಕಿವಿಯವರೆಗೂ ಕೆಂಪಾಗಿದ್ದಳು. ಸಬಿರ್ಕಾನ್ ಎಜೆ ಕನ್ನಡಕ ಹಾಕಿಕೊಂಡು ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಪರೀಕ್ಷೆಯ ಉತ್ತರ ಪತ್ರಿಕೆ ಓದುವ ಹಾಗೆ. ಓದಿ ಮುಗಿಸಿ ಕನ್ನಡಕ ತೆಗೆದರು.

"ಊಟಕ್ಕೆ ಬಿಡೋಣ್ವಾ?" ಅಂದರು.

ಊಟದ ಹೊತ್ತಿನಲ್ಲಿ ಅವರು ಕಿಟಕಿಯ ಪಕ್ಕ ಒಬ್ಬರೇ ಕುಳಿತಿದ್ದರು. ಎದುರಿಗಿದ್ದ ಮಾಂಸ ತುಂಬಿದ ಸಂಸಾ ಮುಟ್ಟಿರಲಿಲ್ಲ. ನಾನು ಹೋಗಿ, ತಪ್ಪಾಯಿತು, ಗೊತ್ತಿರಲಿಲ್ಲ, ಎಲ್ಲರ ಮುಂದೆ ತೋರಿಸಬಾರದಿತ್ತು ಎಂದೆ.

"ನೀವ್ಯಾಕೆ ತಪ್ಪಾಯ್ತು ಅಂತೀರಾ," ಅಂದರು. "ಆರು ವರ್ಷ ಆಯ್ತು ಇವಳು ನಮ್ಮನೆಗೆ ಬಂದು. ಒಂದು ದಿನಾನೂ ನನಗೆ ಇಲ್ಲ ಅಂದಿಲ್ಲ. ಎಂಥ ಸೊಸೆ ಸಿಕ್ಕಳು ಅಂತ ನಾರಿನ್ ತುಂಬಾ ಹೇಳ್ಕೊಂಡು ತಿರುಗಿದ್ದೀನಿ. ಅಲ್ಲಿ ನೋಡಿದ್ರೆ ಹದಿನೇಳಕ್ಕೆ ಸೊನ್ನೆ. ಆರು ವರ್ಷದ 'ಇಲ್ಲ'ನೆಲ್ಲ ಒಂದೇ ಸಲ ಹೇಳಿಬಿಟ್ಟಳು, ಅದೂ ಗೋಡೆ ಮೇಲೆ."

ಸಿಟ್ಟೋ ನೋವೋ ತಮಾಷೆಯೋ ನನಗೆ ತಿಳಿಯಲಿಲ್ಲ. ಕುಂದುಜ್ ಕಾರಿಡಾರಿನ ಕೊನೆಯಲ್ಲಿ ನಿಂತಿದ್ದಳು. ಅವಳೂ ಊಟ ಮಾಡಿರಲಿಲ್ಲ.

ಆದರೆ ಕೆಲಸದ ಮುಂದಿನ ಹಂತ ಬಿಡುವಂತಿರಲಿಲ್ಲ. ಕೋಡ್ ಹೊಂದದ ಕಡೆಯಲ್ಲಿ ಇಬ್ಬರೂ ಕೂತು ಸಾಲು ಸಾಲಾಗಿ ಮಾತಾಡಬೇಕು. ಅದಕ್ಕೊಂದು ಕಟ್ಟುಪಾಡು ಇದೆ: ಎದುರಿಗಿರುವವರ ಜೊತೆ ವಾದ ಮಾಡುವ ಹಾಗಿಲ್ಲ, ಪಟ್ಟಿಯಲ್ಲಿ ಬರೆದ ಅರ್ಥದ ಜೊತೆ ಮಾತ್ರ. ಬೇರೆಯವರಿಗೆ ಬೇರೆ ಕೆಲಸ ಕೊಟ್ಟು, ಇವರಿಬ್ಬರನ್ನು ಮೂಲೆಯ ಮೇಜಿಗೆ ಕರೆದೆ. ನಾನು ನಡುವೆ ಕುಳಿತೆ.

ಮೂರನೆಯ ಪುಟ ತೆರೆದೆ. ಮುದುಕಿಯ ಮಾತು ಹೀಗಿತ್ತು:

"ಕುರಿ ದೊಡ್ಡಿಗೆ ಕೂಡಿ ಆಗಿತ್ತು. ಕುರುತ್ ಚೀಲ ಅತ್ತೆ ಹಾಸಿಗೆ ಮೇಲ್ಗಡೆ ನೇತಾಡ್ತಿತ್ತು. ಯಾರೂ ಇಲ್ಲ ಅಂತ ಒಂದು ಉಂಡೆ ಬಾಯಿಗೆ ಹಾಕ್ಕೊಂಡೆ. ತಿರುಗಿ ನೋಡಿದ್ರೆ ಅತ್ತೆ ಬಾಗಿಲಲ್ಲಿ. ಕಚ್ಚಿದ್ರೆ ಸದ್ದಾಗತ್ತೆ, ನುಂಗೋಕೆ ಆಗಲ್ಲ. ದವಡೆಗೆ ಒತ್ತಿಕೊಂಡು ಹಾಗೇ ನಿಂತೆ. ಅತ್ತೆ ಒಲೆ ಕಡೆ ನೋಡಿದ್ರು. ಕುರಿ ನೋಡ್ಕೊಂಡು ಬರ್ತೀನಿ ಅಂತ ಹೊರಗೆ ಹೋದ್ರು. ಬರೋದು ತಡ ಆಯ್ತು."

ಕುರುತ್ ಅಂದರೆ ಮೊಸರನ್ನು ಹಿಂಡಿ ಒಣಗಿಸಿದ ಉಂಡೆ. ಕಲ್ಲಿನಷ್ಟು ಗಟ್ಟಿ. ಬಾಯಲ್ಲಿಟ್ಟರೆ ಕರಗಲು ಅರ್ಧ ಗಂಟೆ ಬೇಕು.

"ನೀವು ಇಲ್ಲಿ 'ಸಬಿರ್' ಹಾಕಿದ್ದೀರಿ," ಎಂದೆ ಅತ್ತೆಗೆ. "ಕುಂದುಜ್, ನೀನು 'ಭಯ', 'ಹಸಿವು', ಬೇರೆ ಕಡೆಯಲ್ಲೆಲ್ಲ 'ತಡೆದುಕೊಳ್ಳುವುದು' ಅಂತ ಹೊಸದು. ಪಟ್ಟಿಯಲ್ಲಿ 'ಸಬಿರ್' ಇದ್ದಾಗ ಈ ಹೊಸದು ಯಾಕೆ ಬೇಕಾಯ್ತು? ಎರಡಕ್ಕೂ ಏನು ವ್ಯತ್ಯಾಸ?"

"ವ್ಯತ್ಯಾಸ ಇಲ್ಲ ಎಜೆ."

"ಮತ್ತೆ?"

"ಆ ಮಾತು... ನಾನು ಬರೆಯೋಕಾಗಲ್ಲ."

"ಯಾಕಾಗಲ್ಲ?" ಎಂದು ಕೇಳಿದ್ದು ಅತ್ತೆ. ಮಧ್ಯಾಹ್ನದಿಂದ ಅವಳ ಜೊತೆ ಆಡಿದ ಮೊದಲ ಮಾತು ಅದು.

ಕುಂದುಜ್ ಮೇಜನ್ನೇ ನೋಡುತ್ತ, "ಅದು ನಿಮ್ಮ ಹೆಸರಲ್ಲಿದೆ ಆಪಾ," ಅಂದಳು.

ನಾನು ಬಿಶ್ಕೆಕ್‌ನಲ್ಲಿ ಹುಟ್ಟಿ ಬೆಳೆದವಳು. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರನ್ನು ಎತ್ತಬಾರದು, ಆ ಹೆಸರಿನಲ್ಲಿ ಅಡಗಿದ ಮಾತನ್ನೂ ಆಡಬಾರದು, ಅದಕ್ಕೆ ಬದಲಿ ಮಾತು ಹುಡುಕಿಕೊಳ್ಳಬೇಕು ಎಂಬ ಹಳೆಯ ಪದ್ಧತಿಯನ್ನು ಓದಿದ್ದೆ, ತರಗತಿಯಲ್ಲಿ ಹೇಳಿಯೂ ಇದ್ದೆ. ಜೀನ್ಸ್ ತೊಟ್ಟು, ನನಗಿಂತ ಚುರುಕಾಗಿ ಕಂಪ್ಯೂಟರ್ ಓಡಿಸುವ ಹುಡುಗಿಯೊಬ್ಬಳು ಅದನ್ನು ಪಾಲಿಸುತ್ತಾಳೆಂದು ನನಗೆ ಕನಸಲ್ಲೂ ಹೊಳೆದಿರಲಿಲ್ಲ. ಅವಳ ಅತ್ತೆಗೂ ಹೊಳೆದಿರಲಿಲ್ಲ.

"ಯಾರು ಹೇಳಿದ್ದು ನಿನಗೆ ಇದನ್ನ? ನಾನು ಯಾವತ್ತಾದ್ರೂ ಕೇಳಿದ್ನಾ?"

"ಇಲ್ಲ. ನಮ್ಮಜ್ಜಿ ಮದುವೆ ದಿನ ಹೇಳಿದ್ರು. ಅಭ್ಯಾಸ ಆಯ್ತು."

"ಆರು ವರ್ಷದಿಂದ ಆ ಮಾತೇ ಆಡಿಲ್ವಾ?"

"ಇಲ್ಲ ಆಪಾ."

"ಮಗು ಅತ್ತು ರಂಪ ಮಾಡಿದಾಗ ಏನಂತೀಯ?"

"'ಸ್ವಲ್ಪ ತಡ್ಕೋ' ಅಂತೀನಿ."

ಸಬಿರ್ಕಾನ್ ಎಜೆ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಕೋಣೆಯವರೆಲ್ಲ ತಿರುಗಿ ನೋಡಿದರು.

"ನಾನೊಬ್ಬಳು ದಡ್ಡಿ! ಇವಳು ಮರ್ಯಾದೆ ಕೊಟ್ಟಿದ್ದಕ್ಕೆ ನಾನು ಊಟ ಬಿಟ್ಟು ಕೂತಿದ್ದೆ. ಬಾಲಾಂ, ನನ್ನ ಮಗಳೇ, ನಾಳೆಯಿಂದ ಆಡು ಆ ಮಾತು. ನಾನು ಹೇಳ್ತಿದ್ದೀನಿ."

"ಆಗಲ್ಲ ಆಪಾ. ನಾಲಿಗೆ ಹೊರಳಲ್ಲ."

"ಟೈಪ್ ಮಾಡು ಹಾಗಾದ್ರೆ."

"ಬೆರಳೂ ಹೊರಳಲ್ಲ."

ಕುಂದುಜಳ 'ತಡೆದುಕೊಳ್ಳುವುದು' ಎಂಬುದನ್ನು ಎಳೆದು 'ಸಬಿರ್' ಜೊತೆ ಸೇರಿಸಿ ಮತ್ತೆ ಲೆಕ್ಕ ಹಾಕಿಸಿದೆ. ಹೊಂದಾಣಿಕೆ ಮೂವತ್ತನಾಲ್ಕರಿಂದ ಐವತ್ತೆಂಟಕ್ಕೆ ಏರಿತು. ಅಷ್ಟರಲ್ಲಿ ಟಿಲೆಕ್ ತನ್ನ ಕೆಲಸ ಬಿಟ್ಟು ಕುರ್ಚಿ ಎಳೆದುಕೊಂಡು ಬಂದಿದ್ದ. "ಪಾಪ, ಈ ಸಾಫ್ಟ್‌ವೇರ್ ಬರೆದವರು ಯಾರೂ ಯಾವತ್ತೂ ಸೊಸೆ ಆಗಿರ್ಲಿಲ್ಲ ಅನ್ಸತ್ತೆ," ಅಂದ ಪರದೆ ನೋಡುತ್ತ.

"ಹಾಗಾದ್ರೆ ಉಳಿದ ನಲವತ್ತೆರಡೂ ಹೀಗೇನಾ?" ಸಬಿರ್ಕಾನ್ ಎಜೆ ಹಗುರಾಗಿ ಕೇಳಿದರು.

"ಅಲ್ಲ ಆಪಾ," ಅಂದಳು ಕುಂದುಜ್.

ಅವಳು ಅಷ್ಟು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೆಲುದನಿ, ಆದರೆ ನಡುಗಲಿಲ್ಲ.

"ಈ ಕುರುತ್ ಸಾಲು. ಇಲ್ಲಿ ನಿಮ್ಮದು ಒಂದು ಕೋಡ್ ಮಾತ್ರ. ಪಟ್ಟಿಯಲ್ಲಿ ಆ ಮಾತಿಗೆ ಏನು ಅರ್ಥ ಕೊಟ್ಟಿದ್ದಾರೆ ನೋಡಿ: 'ತಾನಾಗಿ ಒಪ್ಪಿ ಕಷ್ಟ ಸಹಿಸುವುದು'. ಈ ಹುಡುಗಿ ತಾನಾಗಿ ಒಪ್ಪಿ ನಿಂತಿಲ್ಲ. ಹೆದರಿ ನಿಂತಿದ್ದಾಳೆ. ಬಾಯಲ್ಲಿ ಕುರುತ್ ಇಟ್ಕೊಂಡು ಅಲ್ಲಾಡದೆ ನಿಂತವಳಿಗೆ ಆ ಹೆಸರು ಕೊಟ್ರೆ, ಅವಳ ಭಯಾನ ಅಳಿಸಿ ಹಾಕಿದ ಹಾಗೆ." ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದಳು.

ಸಬಿರ್ಕಾನ್ ಎಜೆ ಕನ್ನಡಕ ಹಾಕಿಕೊಂಡು ಪಟ್ಟಿಯ ಅರ್ಥವನ್ನು ಎರಡು ಸಲ ಓದಿದರು.

"ಸರಿ. ಹುಡುಗಿ ಕಡೆಯಿಂದ ನೀನು ಹೇಳಿದ್ದೇ ಸರಿ," ಅಂದರು. "ಆದ್ರೆ ಈ ಸಾಲಲ್ಲಿ ಇನ್ನೊಬ್ಬಳು ಇದ್ದಾಳೆ. ಅವಳನ್ನ ನೀನು ನೋಡೇ ಇಲ್ಲ."

"ಅತ್ತೇನಾ?"

"ಮೊದಲ ಮಾತು ಓದು. ಕುರಿ ದೊಡ್ಡಿಗೆ ಕೂಡಿ ಆಗಿತ್ತು. ಮತ್ತೆ ಆ ಅತ್ತೆ ಹೊರಗೆ ಏನು ನೋಡೋಕೆ ಹೋದ್ಲು? ಚಳೀಲಿ? ಸೊಸೆ ದವಡೆ ಉಬ್ಬಿದ್ದು ಕಾಣದೇ ಇರೋಕೆ ಅವಳೇನು ಕುರುಡಿನಾ? ಒಲೆ ಕಡೆ ಮುಖ ತಿರುಗಿಸಿದ್ಲು, ನೆಪ ಹೇಳಿ ಹೊರಗೆ ಹೋದ್ಲು, ಬೇಕು ಅಂತಲೇ ತಡ ಮಾಡಿದ್ಲು. ತಿಂದು ಮುಗಿಸಲಿ ಅಂತ."

ನಾನು ಪುಟವನ್ನೇ ನೋಡಿದೆ. ಆ ಮುದುಕಿಯ ಎದುರು ಕೂತು ಅವಳ ಬಾಯಿಂದ ಈ ಮಾತು ಕೇಳಿದವಳು ನಾನು. ಅಕ್ಷರಕ್ಕಿಳಿಸಿದವಳು ನಾನು. ಅದರ ಮೇಲೆ ಲೇಖನ ಬರೆದು, ಈ ಸಾಲನ್ನೇ ಎತ್ತಿ, ಭಯ ಎಂಬ ತಲೆಬರಹದ ಕೆಳಗೆ ಅಚ್ಚು ಹಾಕಿಸಿದವಳೂ ನಾನೇ. ಕುರಿ ದೊಡ್ಡಿಗೆ ಕೂಡಿ ಆಗಿತ್ತು ಎಂಬುದು ಹತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕುಂದುಜ್ ಆ ಸಾಲನ್ನು ಮೊದಲಿಂದ ಮತ್ತೆ ಓದಿದಳು. ಆಮೇಲೆ, "ಆಪಾ, ನನ್ನ ನೀಲಿ ಕಡತ?" ಅಂದಳು.

"ಯಾವ ಕಡತ?" ಎಂದೆ ನಾನು.

ಪಿಎಚ್‌ಡಿಗೆ ಅರ್ಜಿ ಹಾಕುವಾಗ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಮಗುವಿಗೆ ಆಗ ಎರಡು ವರ್ಷ. ಗಂಡನ ಚಿಕ್ಕಪ್ಪಂದಿರು, ಅವರ ಹೆಂಡತಿಯರು ಏನನ್ನುತ್ತಾರೋ ಎಂಬ ಹೆದರಿಕೆ. ಕಾಗದವೆಲ್ಲ ಒಂದು ನೀಲಿ ಕಡತದಲ್ಲಿಟ್ಟು, ಗೋಡೆಗೆ ಒಟ್ಟಿದ ಹಾಸಿಗೆ ರಾಶಿಯ ತಳದಲ್ಲಿ ಮೂರು ತಿಂಗಳು ಬಚ್ಚಿಟ್ಟಿದ್ದಳು.

"ಆ ರಾಶಿ ವಾರಕ್ಕೊಮ್ಮೆ ಇಳಿಸಿ ಬಿಸಿಲಿಗೆ ಹಾಕೋದು ಯಾರು? ನಾನಲ್ವಾ?" ಅಂದರು ಅತ್ತೆ. "ನೋಡಿದ್ದೆ. ಓದಿಯೂ ಇದ್ದೆ. ನಾಲ್ಕನೇ ಪುಟದಲ್ಲಿ ಕಾಗುಣಿತ ತಪ್ಪಿತ್ತು, ಪೆನ್ಸಿಲಲ್ಲಿ ತಿದ್ದಿಟ್ಟೆ."

"ಅದು ನೀವಾ? ನಾನೇ ತಿದ್ದಿ ಮರೆತಿದ್ದೀನಿ ಅಂದ್ಕೊಂಡಿದ್ದೆ!"

"ನಿನಗೆಲ್ಲಿ ಬರತ್ತೆ ಅಷ್ಟು ದುಂಡಗಿನ ಅಕ್ಷರ."

"ಮತ್ತೆ ಯಾಕೆ ಹೇಳ್ಲಿಲ್ಲ ಆಪಾ?"

"ನೀನು ಹೇಳ್ತೀಯೇನೋ ಅಂತ ಕಾದೆ. ನೀನು ಹೇಳ್ಲಿಲ್ಲ. ನಾನೂ ಅರ್ಜಿ ಹಾಕಿದೆ."

ಕುಂದುಜ್ ಬಾಯಿ ಬಿಟ್ಟುಕೊಂಡು ನೋಡಿದಳು. "ನನಗೋಸ್ಕರಾನಾ?"

"ನೀನೊಬ್ಬಳೇ ಹೊರಟಿದ್ರೆ ಮನೆ ತುಂಬಾ ಮಾತಾಡೋರು. ಅತ್ತೇನೂ ಹೊರಟ್ರೆ ಮಾತಾಡೋರಿಗೆ ಊಟ ಹಾಕೋರೇ ಇರಲ್ಲ, ಸುಮ್ಮನಾಗ್ತಾರೆ ಅಂತ." ಅವರು ಕನ್ನಡಕವನ್ನು ಸೆರಗಿನಂತೆ ಹೊದ್ದ ಶಾಲಿನ ತುದಿಯಲ್ಲಿ ಒರೆಸಿದರು. "ನನಗೂ ಆಸೆ ಇತ್ತು, ಸುಳ್ಳು ಹೇಳಲ್ಲ. ಇಪ್ಪತ್ತೇಳು ವರ್ಷ ಕಪ್ಪು ಹಲಗೆ ಮುಂದೆ ನಿಂತು ಸಾಕಾಗಿತ್ತು. ಎರಡೂ ಸೇರಿತ್ತು ಅನ್ನು."

ಕುಂದುಜ್ ಅತ್ತೆಯ ಕೈ ಹಿಡಿಯಲು ಹೋದಳು. ಅವರು ಅದನ್ನು ಬಿಡಿಸಿಕೊಂಡು ಮೌಸಿನ ಮೇಲೆ ಇಟ್ಟರು. "ಮೊದಲು ಕೆಲಸ. ಇದಕ್ಕೆ ಏನು ಹೆಸರು ಹಾಕೋಣ? ದಯೆ ಅಂದ್ರೆ ದೊಡ್ಡ ಮಾತಾಯ್ತು."

ಇಬ್ಬರೂ ಕೂತು ಯೋಚಿಸಿದರು. ಕೊನೆಗೆ ಕುಂದುಜ್ ಟೈಪ್ ಮಾಡಿದಳು: 'ಕಂಡೂ ಕಾಣದ ಹಾಗೆ ಇರುವುದು'. ಅದರ ಅರ್ಥವನ್ನು ಅತ್ತೆ ಹೇಳಿದರು, ಸೊಸೆ ಬರೆದಳು. ಆ ಆರು ಪುಟದಲ್ಲಿ ಅದಕ್ಕೆ ಇನ್ನೂ ಮೂರು ಜಾಗ ಸಿಕ್ಕವು. ಒಂದು ಕಡೆ ಮಾವ, ಒಂದು ಕಡೆ ನೆರೆಮನೆಯವಳು, ಮತ್ತೊಂದು ಕಡೆ ಆ ಹುಡುಗಿಯೇ, ಅತ್ತೆ ಒಬ್ಬಳೇ ಅಳುತ್ತಿದ್ದಾಗ.

ಎಲ್ಲವೂ ಹೊಂದಿತೆಂದು ತಿಳಿಯಬೇಡಿ. ಮೊದಲ ಪುಟದಲ್ಲಿ ಆ ಹುಡುಗಿ ಜ್ವರದಲ್ಲೇ ಹಿಮ ಹೊತ್ತು ತಂದು ಕರಗಿಸಿದ ಸಾಲಿನ ಮೇಲೆ ನಾಲ್ಕನೆಯ ದಿನವೂ ಜಗಳ ನಡೆಯಿತು. ಅತ್ತೆ ಅದು ಸಬಿರ್ ಎಂದೇ ಹಟ ಹಿಡಿದರು. "ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದದ್ದು" ಅಂದರು. "ಎಲ್ಲರೂ ಹಾಗಿದ್ರು ಅಂದ್ರೆ ಎಲ್ಲರಿಗೂ ಬೇರೆ ದಾರಿ ಇರ್ಲಿಲ್ಲ ಅಂತ" ಎಂದಳು ಸೊಸೆ. ಮೊನ್ನೆಯವರೆಗೆ ಹೌದು ಆಪಾ ಎಂಬುದು ಬಿಟ್ಟು ಬೇರೆ ಮಾತಾಡದವಳು ಈಗ ಮೇಜು ತಟ್ಟಿದಳು. ಅತ್ತೆಯೂ ತಟ್ಟಿದರು. ಮಧ್ಯೆ ಹೋಗಿ ನಾನು ಇಬ್ಬರಿಂದಲೂ ಬೈಸಿಕೊಂಡೆ. ಕೊನೆಗೆ ಎರಡು ಕೋಡನ್ನೂ ಉಳಿಸಿ, ಇಬ್ಬರ ಕಾರಣಗಳನ್ನೂ ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆಸಿದೆ. ಹೊಂದಾಣಿಕೆ ಎಪ್ಪತ್ತಾರಕ್ಕೆ ನಿಂತಿತು. ಟಿಲೆಕ್ ಆ ಅಂಕಿಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಮನೆಗೆ ಹೋಗಿ ತನ್ನ ಹೆಂಡತಿಯ ಜೊತೆ ಇದನ್ನು ಖಂಡಿತ ಮಾಡುವುದಿಲ್ಲ ಎಂದ.

ಅತ್‌ಬಾಶಿಯ ಮುದುಕಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಕೇಳಿ ತಿಳಿಯುವ ಹಾಗಿರಲಿಲ್ಲ. ನನ್ನ ಹಳೆಯ ಲೇಖನಕ್ಕೆ ಒಂದು ತಿದ್ದುಪಡಿ ಬರೆದು ಪತ್ರಿಕೆಗೆ ಕಳಿಸಿದೆ. ಈ ಓದು ತೋರಿಸಿಕೊಟ್ಟವರು ಇಬ್ಬರು ಸಂಶೋಧಕಿಯರು ಎಂದು ಅವರ ಒಪ್ಪಿಗೆ ಪಡೆದು ಹೆಸರು ಹಾಕಿದೆ. ಯಾರ ಹೆಸರು ಮೊದಲು ಬರಬೇಕೆಂಬುದಕ್ಕೆ ಮತ್ತೆ ಅರ್ಧ ದಿನ ಫೋನಿನಲ್ಲಿ ಜಗಳವಾಯಿತು. ಈ ಸಲ ಇಬ್ಬರೂ ಇನ್ನೊಬ್ಬರದೇ ಮೊದಲಿರಲಿ ಅನ್ನುತ್ತಿದ್ದರು.

ಕುಂದುಜ್ ಎರಡು ವರ್ಷದ ಮೇಲೆ ಪ್ರಬಂಧ ಮಂಡಿಸಿ ಡಾಕ್ಟರ್ ಆದಳು. ಸಬಿರ್ಕಾನ್ ಎಜೆಯದು ಇನ್ನೂ ಮುಗಿದಿಲ್ಲ. ಇಪ್ಪತ್ತೆರಡು ಮೇಷ್ಟ್ರುಗಳ ಸಂದರ್ಶನ ಸಾಲದೆಂದು ಇನ್ನೂ ಎಂಟು ಜನರನ್ನು ಹುಡುಕಿಕೊಂಡು ಬೆಟ್ಟ ಹತ್ತಿದ್ದಾರೆ. ಹೋದ ವಾರ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿದ್ದರು. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದು ಬಟನ್‌ಗಳೆಲ್ಲ ಜಾಗ ಬದಲಿಸಿವೆಯಂತೆ.

"ನನ್ನನ್ನ ಒಂದು ಮಾತು ಕೇಳದೆ ಎಲ್ಲ ಎತ್ತಿಟ್ಟಿದ್ದಾರೆ ಬೆಗಾಯಿಮ್," ಅಂದರು. "ನೀವು ನಾರಿನ್‌ಗೆ ಯಾವಾಗ ಬರ್ತೀರಿ? ಇಲ್ಲಿ ಹದಿಮೂರು ಜನ ಕಲಿಯೋಕೆ ಕಾಯ್ತಾ ಇದ್ದಾರೆ. ಒಂಬತ್ತು ಜನಕ್ಕೆ ಆಗಲೇ ನಾನು ಶುರು ಮಾಡಿಸಿದ್ದೀನಿ, ತಪ್ಪು ಏನಾದ್ರೂ ಇದ್ರೆ ಬಂದು ತಿದ್ದಿ."

ಏಪ್ರಿಲ್ ಎರಡನೆಯ ವಾರಕ್ಕೆ ಬರುತ್ತೇನೆ ಎಂದು ಹೇಳಿದ್ದೇನೆ.